ಸಾಕುನಾಯಿಯ ಸಾವಿನ ದುಃಖ

ಪ್ರಶ್ನೆ: ಬಹುಕಾಲ ನಮ್ಮೊಡನಿದ್ದ ನಾಯಿ ಮೂತ್ರಪಿಂಡದ ಕಾಯಿಲೆಯಿಂದ ತೀರಿಕೊಂಡಿತು. "ನಾಯಿಗಾಗಿ ಇಷ್ಟು ಅಳುವುದೇ?" ಎನ್ನುವ ಬಂಧುಗಳಿಗೆ ಏನು ಉತ್ತರಿಸಲಿ? ಪುಟ್ಟ ಮಗಳಿಗೆ ಹೇಗೆ ತಿಳಿಸಲಿ?

ಉತ್ತರ 1: ಇದು ನಾಚಿಕೊಳ್ಳಬೇಕಾದ ದುಃಖವಲ್ಲ. ಕಾಡುಹಂದಿಯೊಡನೆ ಹೋರಾಡಿ ಮಡಿದ ಕಾಳಿ ಎಂಬ ಬೇಟೆನಾಯಿಗಾಗಿ, ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ 10ನೆಯ ಶತಮಾನದಲ್ಲಿಯೇ ಮಣಲೆರನೆಂಬ ವೀರನು ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿಯನ್ನೂ ದತ್ತಿಯಾಗಿ ಕೊಡಿಸಿದ್ದನು. ಆ ಶಾಸನ ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಬಂಧುಗಳನ್ನು ಒಮ್ಮೆ ಅಲ್ಲಿಗೆ ಕರೆದೊಯ್ಯಿರಿ!

ಉತ್ತರ 2: ಮಗುವಿಗೆ "ಮಲಗಿದೆ" ಎನ್ನಬೇಡಿ, ಅನಂತರ ತಾನೇ ಮಲಗಲು ಹೆದರಬಹುದು. ಸತ್ತಿದೆ, ಮರಳಿ ಬರುವುದಿಲ್ಲ ಎಂದು ನೇರವಾಗಿ ತಿಳಿಸಿ, ಅವಳು ಕೇಳಿದಷ್ಟು ಸಲವೂ ಉತ್ತರಿಸಿ.

ಉತ್ತರ 3: ಹೊಸ ಮರಿಗೆ ಆತುರ ಬೇಡ. ಊಟ, ನಿದ್ರೆ ವಾರಗಟ್ಟಲೆ ತಪ್ಪಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮನಸ್‌ಗೆ, 14416ಕ್ಕೆ ಕರೆ ಮಾಡಿ, ಕನ್ನಡದಲ್ಲಿಯೇ ಮಾತನಾಡಬಹುದು.