ಥ್ರಾಟಲ್ ಬಾಡಿ ಕ್ಲೀನ್ ಮಾಡಿದ ಮೇಲೆ ಐಡಲ್ 1500

ಪ್ರಶ್ನೆ: ಮನೆಯಲ್ಲೇ ಥ್ರಾಟಲ್ ಬಾಡಿ (ಇಂಜಿನ್‌ಗೆ ಎಷ್ಟು ಗಾಳಿ ಹೋಗಬೇಕೆಂದು ಹಿಡಿತದಲ್ಲಿಡುವ ಭಾಗ) ಬಿಚ್ಚಿ ಕ್ಲೀನ್ ಮಾಡಿದೆ. 750 ಆರ್‌ಪಿಎಂಗೆ ನಿಲ್ಲುತ್ತಿದ್ದ ಐಡಲ್ (ಆಕ್ಸಿಲರೇಟರ್ ಒತ್ತದಿದ್ದಾಗ ಇಂಜಿನ್ ತಿರುಗುವ ವೇಗ) ಈಗ ಇಂಜಿನ್ ಬಿಸಿಯಾದರೂ 1500 ಬಿಟ್ಟು ಇಳಿಯುತ್ತಿಲ್ಲ. ಚೆಕ್ ಇಂಜಿನ್ ಲೈಟ್ ಬಂದಿಲ್ಲ. ಯಾರಿಗಾದರೂ ಹೀಗಾಗಿತ್ತಾ?

ಕರಿಮಸಿ: ನೆನಪಿಸಬೇಡಿ ಮಾರಾಯರೇ. ಗ್ಯಾರೇಜಿನವರು ಥ್ರಾಟಲ್ ಬಾಡಿಯೇ ಹೋಗಿದೆ ಎಂದರು. ಹೊಸದು ಹಾಕಿಸಿದೆ, ಇಳಿಯಲಿಲ್ಲ. ಕೂಲಂಟ್ ಸೆನ್ಸರ್ ಎಂದರು. ಅದೂ ಬಂತು, ಜೊತೆಗೆ ಕೂಲಂಟ್ ಬಿಲ್, ಲೇಬರ್ ಬೇರೆ. ಕೊನೆಗೆ ಬೇರೊಬ್ಬರು ಸ್ಕ್ಯಾನರ್ ಚುಚ್ಚಿ ಐಡಲ್ ರೀಲರ್ನ್ (ಇಂಜಿನ್ ಕಂಪ್ಯೂಟರ್‌ಗೆ ಐಡಲ್ ಹೊಸದಾಗಿ ಕಲಿಸುವುದು) ಮಾಡಿದರು, ಇಳಿದೇ ಹೋಯಿತು! ಮಸಿ ಕೂತಿದ್ದಾಗ ಗಾಳಿ ಸಾಲದೆ ಇಸಿಯು, ಅಂದರೆ ಆ ಕಂಪ್ಯೂಟರ್, ಥ್ರಾಟಲ್ ಪ್ಲೇಟನ್ನು ಜಾಸ್ತಿ ತೆರೆದಿಡಲು ಕಲಿತಿರುತ್ತದೆ. ಮಸಿ ಹೋದರೂ ಅದೇ ಲೆಕ್ಕ ಹಿಡಿದು ಕೂರುತ್ತದೆ. ಹಳೇ ಪಾರ್ಟ್ ಕೇಳಿದರೆ ಗುಜರಿಗೆ ಹಾಕಿದೆವು ಎಂದರು.

ಹತ್ತರ ಸ್ಪ್ಯಾನರ್: ಎಲ್ಲದಕ್ಕೂ ರೀಲರ್ನ್ ಅನ್ನೋದು ಒಂದು ಚಾಳಿ. ನನ್ನದು ಕೇಬಲ್ ಥ್ರಾಟಲ್ (ಪ್ಲೇಟನ್ನು ತೆರೆಯೋದು ಪೆಡಲ್‌ನ ತಂತಿ, ಇಸಿಯು ಅಲ್ಲ), ಏನು ರೀಲರ್ನ್ ಮಾಡಲಿ? ನಾನು ಒಂದು ರೂಪಾಯಿ ಪಾರ್ಟ್ ಹಾಕುವ ಮೊದಲು ಗಾಳಿ ಲೀಕ್ (ಥ್ರಾಟಲ್ ತಪ್ಪಿಸಿ ಒಳಗೆ ನುಗ್ಗುವ ಗಾಳಿ) ಹುಡುಕಿದೆ. ಪಿಸಿವಿ ಹೋಸ್ (ಇಂಜಿನ್ ಒಳಗಿನ ಹೊಗೆಯನ್ನು ವಾಪಸ್ ಗಾಳಿಯ ದಾರಿಗೆ ಕಳಿಸುವ ಪೈಪ್) ಮೇಲಿಂದ ಹೊಸದರ ಹಾಗಿತ್ತು. ಮ್ಯಾನಿಫೋಲ್ಡ್ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆ) ಹಿಂದೆ, ಕೈ ತೂರದ ಜಾಗದಲ್ಲಿ ಅದು ತಿರುಗುವ ಕಡೆ ಒಳಮಗ್ಗುಲಲ್ಲಿ ಸಣ್ಣ ಬಿರುಕು. ಬಗ್ಗಿಸಿದಾಗ ಬಾಯಿ ಬಿಟ್ಟಿತು. ಬೆರಳಲ್ಲಿ ಒತ್ತಿ ಹಿಡಿದರೆ ಆರ್‌ಪಿಎಂ ತಟಕ್ಕನೆ ಬೀಳುತ್ತಿತ್ತು.

ಕರಿಮಸಿ: ಕೇಬಲ್ ಗಾಡಿ ಇಟ್ಟುಕೊಂಡು ಎಲೆಕ್ಟ್ರಾನಿಕ್ ಥ್ರಾಟಲ್‌ನವರಿಗೆ ಪಾಠ ಬೇಡ ಸ್ವಾಮಿ.

ಹತ್ತರ ಸ್ಪ್ಯಾನರ್: ಲೀಕ್‌ಗೆ ಕೇಬಲ್ಲೇನು, ಎಲೆಕ್ಟ್ರಾನಿಕ್ಕೇನು? ಎರಡು ಪಾರ್ಟ್ ಸುಮ್ನೆ ಬದಲಿಸಿಕೊಂಡವರು ಹೇಳುವ ಮಾತಾ ಇದು?

ಮ್ಯಾಪ್ ಸೆನ್ಸರ್: ಲೈಟ್ ಬಂದಿಲ್ಲ ಅಂತ ಲೀಕ್ ಇಲ್ಲ ಅಂದುಕೊಳ್ಳಬೇಡಿ. ನನ್ನ ಗಾಡಿ ಮ್ಯಾಪ್ (ಮ್ಯಾನಿಫೋಲ್ಡ್ ಒಳಗಿನ ಒತ್ತಡ) ನೋಡಿ ಪೆಟ್ರೋಲ್ ಹಾಕುತ್ತದೆ. ಕದ್ದು ಬಂದ ಗಾಳಿಗೂ ಲೆಕ್ಕ ಹಾಕಿ ಪೆಟ್ರೋಲ್ ಕೊಟ್ಟಿತು. ಫಾಲ್ಟ್ ಕೋಡ್ ಬರಲೇ ಇಲ್ಲ, ಐಡಲ್ ಮಾತ್ರ ಏರಿತು. ಏರ್ ಫ್ಲೋ ಸೆನ್ಸರ್ ಇರುವ ಗಾಡಿಯಲ್ಲಾದರೆ ಫ್ಯೂಯಲ್ ಟ್ರಿಮ್ (ಇಸಿಯು ಪೆಟ್ರೋಲ್ ಹೆಚ್ಚು ಕಮ್ಮಿ ಮಾಡುವ ಲೆಕ್ಕ) ಪ್ಲಸ್‌ಗೆ ಹೋಗುತ್ತದೆ.

ಸುಮ್ಮನೆ ಓದುಗ: ಕಾರ್ಬ್ ಕ್ಲೀನರ್ (ಮಸಿ ತೆಗೆಯುವ, ಬೆಂಕಿ ಹೊತ್ತಿಕೊಳ್ಳುವ ದ್ರವ) ಸ್ಪ್ರೇ ಮಾಡಿ ನೋಡಿ, ಲೀಕ್ ತಟ್ಟನೆ ಸಿಗುತ್ತದೆ.

ಕರಿಮಸಿ: ಬಿಸಿ ಮ್ಯಾನಿಫೋಲ್ಡ್ ಮೇಲಾ? ಬೆಂಕಿ ಹಚ್ಚೋ ಐಡಿಯಾ ಕೊಡಬೇಡಿ.

ಸುಮ್ಮನೆ ಓದುಗ: ಬಿಸಿ ಇಂಜಿನ್ ಮೇಲೆ ಅಂತ ನಾನು ಹೇಳಿದೆನಾ?

ಪ್ರಶ್ನೆ ಕೇಳಿದವರು: ನನ್ನದು ಎಲೆಕ್ಟ್ರಾನಿಕ್. ಬಿಚ್ಚಿದಾಗ ಬಂದ ಹಳೇ ಗ್ಯಾಸ್ಕೆಟ್ಟನ್ನೇ (ಜೋಡಣೆಯಲ್ಲಿ ಗಾಳಿ ಸೋರದಂತೆ ಇಡುವ ಪಟ್ಟಿ) ಹಾಕಿದ್ದೇನೆ. ಮೊದಲು ಯಾವುದು ಮಾಡಲಿ?

ಕರಿಮಸಿ: ರೀಲರ್ನ್.

ಹತ್ತರ ಸ್ಪ್ಯಾನರ್: ಲೀಕ್ ಇಟ್ಟುಕೊಂಡು ರೀಲರ್ನ್ ಮಾಡಿದರೆ ಇಸಿಯು ಲೀಕನ್ನೇ ಕಲಿಯುತ್ತದೆ. ಗ್ಯಾಸ್ಕೆಟ್ ಮೊದಲು.

ಕರಿಮಸಿ: ಇಷ್ಟು ಹೊತ್ತು ರೀಲರ್ನ್ ಬೇಡ ಅಂದವರು ನೀವೇ ಅಲ್ವಾ?