ನಾಟಕದ ಸೆಟ್: ಎಲ್ಲಿಂದ ಶುರು ಮಾಡುವುದು?

ಮಲ್ಪೆ ಹುಡುಗಿ: ಉಡುಪಿಯಲ್ಲಿ ನಮ್ಮ ತಂಡದ ನಾಟಕಕ್ಕೆ ಸೆಟ್ ಮಾಡುವ ಕೆಲಸ ನನ್ನ ತಲೆಗೆ ಬಂದಿದೆ. ಕಥೆ ನಡೆಯುವುದು ಹಳೆಯ ಗುತ್ತಿನ ಮನೆಯಲ್ಲಿ, ಅಂದರೆ ತುಳುನಾಡಿನ ದೊಡ್ಡ ಜಮೀನ್ದಾರಿ ಮನೆಯಲ್ಲಿ. ಅದರ ಇಡೀ ಚಾವಡಿ (ದೊಡ್ಡ ಪಡಸಾಲೆ) ಕಟ್ಟಬೇಕಾ? ದುಡ್ಡು ಕಡಿಮೆ.

ಪರದೆ ಹಿಂದಿನವ: ಇಡೀ ಚಾವಡಿ ಯಾಕೆ ಮಾರಾಯ್ರೆ? ಒಂದು ಕಂಬ, ಒಂದು ಬಾಗಿಲು, ಜಗಲಿಯ ಅಂಚು ಸಾಕು. ಯಕ್ಷಗಾನದಲ್ಲಿ ರಥ ಅನ್ನುವ ಒಂದೇ ಮರದ ಪೀಠ ಸಿಂಹಾಸನವೂ ಆಗುತ್ತದೆ, ಬೆಟ್ಟವೂ ಆಗುತ್ತದೆ ಅಲ್ವಾ?

ಮೊದಲು ಟೇಪ್ ಹಿಡಿದು ಹಾಲ್‌ಗೆ ಹೋಗಿ. ವೇದಿಕೆಯ ಅಗಲ, ಆಳ, ಎತ್ತರ, ಸೈಡ್‌ವಿಂಗ್‌ನಲ್ಲಿ (ವೇದಿಕೆಯ ಅಕ್ಕಪಕ್ಕದ ಮರೆಯಲ್ಲಿ) ಎಷ್ಟು ಜಾಗ, ಎಲ್ಲ ಬರೆದುಕೊಳ್ಳಿ. ಮುಂದಿನ ಸಾಲಿನ ಎರಡೂ ತುದಿಯ ಕುರ್ಚಿಯಲ್ಲಿ ಕೂತು ನೋಡಿ. ಅಲ್ಲಿಂದ ಕಾಣದ ಕಡೆ ಮುಖ್ಯ ದೃಶ್ಯ ಇಡಬೇಡಿ. ಆಮೇಲೆ 1:25 ಅಳತೆಯ ರಟ್ಟಿನ ಮಾದರಿ ಮಾಡಿ. 1 ಮೀಟರ್‌ಗೆ 4 ಸೆಂಟಿಮೀಟರ್.

ಬಾಗಿಲು ವೇದಿಕೆಯ ಹೊರಕ್ಕೆ ತೆರೆಯಲಿ. ಒಳಕ್ಕೆ ತೆರೆದರೆ ಬರುವ ನಟನನ್ನೇ ಮರೆಮಾಡುತ್ತದೆ. ಗೋಡೆಗೆ ಹೊಳಪಿನ ಪೇಂಟ್ ಬೇಡವೇ ಬೇಡ, ಲೈಟ್ ಬಿದ್ದರೆ ಕಣ್ಣು ಕುಕ್ಕುತ್ತದೆ.

ಮಲ್ಪೆ ಹುಡುಗಿ: ನೆಲಕ್ಕೆ ಕಾವಿ ಬಣ್ಣ ಅಂದುಕೊಂಡಿದ್ದೇನೆ.

ಪರದೆ ಹಿಂದಿನವ: ಚಂದ. ಆದರೆ ರಾತ್ರಿ ದೃಶ್ಯಕ್ಕೆ ನೀಲಿ ಲೈಟ್ ಹಾಕಿದರೆ ಅದು ಕಪ್ಪಾಗಿ ಕಾಣುತ್ತದೆ. ಸಣ್ಣ ಹಲಗೆಗೆ ಬಳಿದು, ಲೈಟಿನವರ ಹತ್ತಿರ ಒಯ್ದು ನೋಡಿ.

ಕುಡ್ಲದ ಬಡಗಿ: ಮಂಗಳೂರಿನಲ್ಲೂ ಶೋ ಇದ್ದರೆ ಗೋಡೆ ತುಂಡು ತುಂಡಾಗಿ ಬಿಚ್ಚುವಂತಿರಲಿ. ಮರದ ಚೌಕಟ್ಟಿಗೆ ಬಟ್ಟೆ ಎಳೆದರೆ ಹಗುರ. ಹಿಂದೆ ಓರೆ ಆಧಾರ ಕೊಟ್ಟು, ಬುಡಕ್ಕೆ ಮರಳಿನ ಚೀಲ ಇಡಿ. ಟೆಂಪೋದ ಅಳತೆಯನ್ನೂ ಈಗಲೇ ಕೇಳಿಕೊಳ್ಳಿ.