ನಮ್ಮ ಮನೆಯವರು ದುಬೈಗೆ ಹೊರಟಿದ್ದಾರೆ: ವಾಟ್ಸಾಪ್ ಕಾಲ್, ವಿಪಿಎನ್ ಬಗ್ಗೆ ಗೊತ್ತಿದ್ದವರು ಹೇಳಿ

ಪ್ರಶ್ನೆ (ಕುಂದಾಪುರದಿಂದ)

ನಮಸ್ಕಾರ. ನಮ್ಮ ಮನೆಯವರಿಗೆ ದುಬೈಯಲ್ಲಿ ಕೆಲಸ ಸಿಕ್ಕಿದೆ, ಮುಂದಿನ ತಿಂಗಳು ಹೊರಡುತ್ತಾರೆ. ಅಲ್ಲಿ ವಾಟ್ಸಾಪ್ ಕಾಲ್ ಹೋಗುವುದಿಲ್ಲ ಅಂತ ಎಲ್ಲರೂ ಹೇಳುತ್ತಿದ್ದಾರೆ. ಮೊಬೈಲ್ ಅಂಗಡಿಯವರು "ಒಂದು ಫ್ರೀ ವಿಪಿಎನ್ ಹಾಕಿ ಕೊಡ್ತೇನೆ, ಎಲ್ಲ ಆಗ್ತದೆ" ಅಂದರು. ನಮ್ಮ ನೆಟ್ ಬೇರೆ ಕಡೆಯ ಸರ್ವರ್ ಮೂಲಕ ಹೋಗುವ ಹಾಗೆ ಮಾಡುವ ಆ್ಯಪ್ ಅಂತೆ ಅದು. ಪಕ್ಕದ ಮನೆಯವರು "ವಿಪಿಎನ್ ಹಾಕಿದರೆ ಸೀದಾ ಜೈಲು" ಅಂತ ಹೆದರಿಸಿದರು. ಅತ್ತೆಗೆ ಮಗನ ಮುಖ ನೋಡದೆ ನಿದ್ದೆ ಬರುವುದಿಲ್ಲ. ಮಗಳಿಗೆ ಆರು ವರ್ಷ. ಮುಂದೆ ನಾವೂ ಹೋಗುವ ಯೋಚನೆ ಇದೆ. ಯಾವುದು ನಿಜ? ಅಲ್ಲಿ ಇರುವವರು, ಇದ್ದು ಬಂದವರು ದಯವಿಟ್ಟು ಹೇಳಿ.

ಶಾರ್ಜಾದಲ್ಲಿ ಅಕೌಂಟೆಂಟ್

ಅಕ್ಕ, ಮೊದಲು ಸಮಾಧಾನದ ಸುದ್ದಿ. ವಾಟ್ಸಾಪ್ ಪೂರ್ತಿ ಬಂದ್ ಅಲ್ಲ. ಮೆಸೇಜ್, ಫೋಟೊ, ವಿಡಿಯೊ, ವಾಯ್ಸ್ ಮೆಸೇಜ್ ಎಲ್ಲ ಊರಿನಲ್ಲಿ ಇದ್ದ ಹಾಗೇ ಹೋಗುತ್ತದೆ. ಕಾಲ್ ಮಾತ್ರ ಆಗುವುದಿಲ್ಲ. ರಿಂಗ್ ಆಗಬಹುದು, ಎತ್ತಿದರೆ 'ಕನೆಕ್ಟಿಂಗ್' ಅಂತಲೇ ನಿಂತಿರುತ್ತದೆ. ಐಫೋನಿನ ಫೇಸ್‌ಟೈಮ್ ಕಥೆಯೂ ಅದೇ.

ಕಾರಣ ಇಷ್ಟು. ಇಂಟರ್ನೆಟ್ ಮೇಲೆ ಮಾತಾಡುವ ಸೇವೆ ಕೊಡಲು ಇಲ್ಲಿ, ಅಂದರೆ ದುಬೈ, ಶಾರ್ಜಾ, ಅಬುಧಾಬಿ ಎಲ್ಲ ಸೇರಿದ ಯುಎಇಯಲ್ಲಿ, ಟಿಡಿಆರ್‌ಎ ಎಂಬ ಸರ್ಕಾರಿ ಸಂಸ್ಥೆಯ ಒಪ್ಪಿಗೆ ಬೇಕು. ಅವರ ಪಟ್ಟಿಯಲ್ಲಿ ಇರುವ ಆ್ಯಪ್ ನಡೆಯುತ್ತದೆ, ಇಲ್ಲದ್ದು ನಡೆಯುವುದಿಲ್ಲ. ಸ್ಕೈಪ್ ಇಲ್ಲಿ ನಿಂತದ್ದು 2017ರ ಕೊನೆಗೆ. ಅದಾದ ಮೇಲೆ 2018ರಲ್ಲಿ ಬೋಟಿಮ್ ಎಂಬ ಆ್ಯಪ್ ಜೊತೆ ತಿಂಗಳಿಗೆ 50 ದಿರ್ಹಂ ಪ್ಯಾಕ್ ಬಂತು. ಆಗ ನಾವೆಲ್ಲ ಬೈದುಕೊಂಡೇ ಹಾಕಿಸಿದ್ದೆವು. 2020ರ ಮಾರ್ಚ್‌ನಲ್ಲಿ ಕೊರೊನಾ ಬಂದು ಶಾಲೆ, ಆಫೀಸು ಎಲ್ಲ ಮನೆಗೆ ಬಂದಾಗ ಝೂಮ್, ಟೀಮ್ಸ್ ಅಂಥವಕ್ಕೂ ದಾರಿ ಬಿಟ್ಟರು.

ನಮ್ಮ ಮನೆಯಲ್ಲಿ ಈಗ ನಡೆಯುವುದು ಗೂಗಲ್ ಮೀಟ್. ಇಬ್ಬರೇ ಮಾತಾಡುವುದಾದರೆ ಅದು 24 ಗಂಟೆಯವರೆಗೂ ಮಧ್ಯೆ ಕಟ್ ಮಾಡುವುದಿಲ್ಲ. ಫ್ರೀ ಝೂಮ್‌ನಲ್ಲಿ 40 ನಿಮಿಷಕ್ಕೆ ಮುಗಿಸಬೇಕು. ಅಮ್ಮ ವಿಷಯಕ್ಕೆ ಬರುವುದೇ 35ನೇ ನಿಮಿಷಕ್ಕೆ, ಹಾಗಾಗಿ ಅದು ನಮಗೆ ಆಗಿಬರಲಿಲ್ಲ. ಬೋಟಿಮ್ ಬೇಕಾದರೆ ಅತ್ತೆಯವರ ಫೋನಿಗೂ ಹಾಕಬೇಕು. ಇವರು ಹೊರಡುವ ಮೊದಲೇ ಹಾಕಿ. ಇವರು ಒಂದು ರೂಮಿನಲ್ಲಿ, ಅತ್ತೆ ಇನ್ನೊಂದು ರೂಮಿನಲ್ಲಿ ಕೂತು ನಾಲ್ಕು ದಿನ ಅಭ್ಯಾಸ ಮಾಡಲಿ. ವಿಮಾನ ಹತ್ತಿದ ಮೇಲೆ ಫೋನಿನಲ್ಲಿ "ಹಸಿರು ಬಟನ್ ಒತ್ತಿ ಅಮ್ಮ" ಅಂತ ಹೇಳಿಕೊಡುವ ಕಷ್ಟ ಬೇಡ.

ಅಬುಧಾಬಿಯಿಂದ

ಟೈಮ್ ಮರೀಬೇಡಿ. ಇಲ್ಲಿ ಒಂದೂವರೆ ಗಂಟೆ ಹಿಂದೆ. ಇವರು ಕೆಲಸ ಮುಗಿಸಿ ಊಟ ಮಾಡಿ ಎಂಟೂವರೆಗೆ ಕಾಲ್ ಮಾಡಿದರೆ ನಿಮಗೆ ರಾತ್ರಿ ಹತ್ತು. ಲೇಬರ್ ಕ್ಯಾಂಪಿನ ವೈಫೈ ಆದರೆ ಆ ಹೊತ್ತಿಗೆ ಎಲ್ಲರೂ ಊರಿಗೆ ಮಾತಾಡುವವರೇ. ವಿಡಿಯೊ ತಡೆದು ತಡೆದು ಬರುತ್ತದೆ. ಬೆಳಿಗ್ಗೆ ಡ್ಯೂಟಿಗೆ ಮೊದಲು ಮಾಡುವುದು ಒಳ್ಳೆಯದು.

ಶಿವಮೊಗ್ಗದವನು, ದುಬೈಯಲ್ಲಿ ನೆಟ್‌ವರ್ಕ್ ಕೆಲಸ

ವಿಪಿಎನ್ ವಿಷಯಕ್ಕೆ ಬರುತ್ತೇನೆ. ಅಂಗಡಿಯವರು ಹೇಳಿದ್ದೂ ಪೂರ್ತಿ ಸರಿ ಇಲ್ಲ, ಪಕ್ಕದ ಮನೆಯವರು ಹೇಳಿದ್ದೂ ಇಲ್ಲ.

ಇಲ್ಲಿನ ಸೈಬರ್ ಕಾನೂನು 2021ರ 34ನೇ ನಂಬರಿನದು, 2022ರ ಜನವರಿಯಿಂದ ಜಾರಿಯಲ್ಲಿದೆ. ಅದರ 10ನೇ ಕಲಮಿನಲ್ಲಿ ಬರುವುದು ಇದು: ಬೇರೆ ಐಪಿ ವಿಳಾಸ (ಇಂಟರ್ನೆಟ್‌ನಲ್ಲಿ ನಿಮ್ಮ ಗುರುತಿನ ನಂಬರ್) ತೋರಿಸಿ ಅಪರಾಧ ಮಾಡಿದರೆ, ಅಥವಾ ಮಾಡಿದ ಅಪರಾಧ ಪತ್ತೆ ಆಗದಂತೆ ಮಾಡಿದರೆ ಜೈಲು, ಇಲ್ಲವೇ 5 ಲಕ್ಷದಿಂದ 20 ಲಕ್ಷ ದಿರ್ಹಂ ದಂಡ, ಅಥವಾ ಎರಡೂ. ಫೋನಿನಲ್ಲಿ ಆ್ಯಪ್ ಇದೆ ಅನ್ನುವುದೊಂದೇ ಇಲ್ಲಿ ಅಪರಾಧ ಅಲ್ಲ. ಕಂಪನಿ, ಬ್ಯಾಂಕುಗಳು ತಮ್ಮ ಒಳಗಿನ ಕೆಲಸಕ್ಕೆ ವಿಪಿಎನ್ ಬಳಸಬಹುದು ಅಂತ 2016ರಲ್ಲೇ ಸರ್ಕಾರದ ಕಡೆಯಿಂದ ಸ್ಪಷ್ಟ ಮಾಡಿದ್ದರು. ನಾನೂ ದಿನಾ ಆಫೀಸಿನ ವಿಪಿಎನ್‌ನಲ್ಲೇ ಕೆಲಸ ಮಾಡುವವನು.

ಆದರೆ ತಡೆದಿರುವ ಸೈಟನ್ನು, ತಡೆದಿರುವ ಕಾಲನ್ನು ಅದರಿಂದ ತೆರೆಯಲು ಹೊರಟರೆ ನೀವು ಆ ಕಲಮಿನ ಕಡೆಗೆ ನಡೆದ ಹಾಗೆ. ಅಲ್ಲಿಂದ ಮುಂದೆ ನಿಮ್ಮ ಉದ್ದೇಶ ಏನಿತ್ತು ಅಂತ ತೀರ್ಮಾನ ಮಾಡುವವರು ನೀವಲ್ಲ.

ನನ್ನ ಕೆಲಸದ ಕಡೆಯಿಂದ ಇನ್ನೊಂದು ಮಾತು. ಫ್ರೀ ವಿಪಿಎನ್ ಹಾಕಿದರೆ ನಿಮ್ಮ ಫೋನಿನಿಂದ ಹೋಗುವ ಇಂಟರ್ನೆಟ್ ಎಲ್ಲ ಯಾರದೋ ಸರ್ವರ್ ಮೂಲಕ ಹೋಗುತ್ತದೆ. ನೀವು ಯಾವ ಬ್ಯಾಂಕಿನ ಸೈಟಿಗೆ ಹೋದಿರಿ, ಎಷ್ಟು ಗಂಟೆಗೆ ಹೋದಿರಿ ಅಂತ ಅವರಿಗೆ ಕಾಣುತ್ತದೆ. ಸರ್ವರ್‌ಗೆ ದುಡ್ಡು ಬೇಕು, ನೀವು ಕೊಡುತ್ತಿಲ್ಲ, ಹಾಗಾದರೆ ಯಾರು ಕೊಡುತ್ತಿದ್ದಾರೆ? ಅದೂ ಅಂಗಡಿಯವರು ವಾಟ್ಸಾಪ್‌ನಲ್ಲಿ ಬಂದ ಎಪಿಕೆ ಫೈಲ್ (ಪ್ಲೇ ಸ್ಟೋರ್‌ನಿಂದಲ್ಲದೆ ನೇರ ಹಾಕುವ ಆ್ಯಪ್) ಹಾಕಿ ಕೊಡುವುದಾದರೆ ಬೇಡವೇ ಬೇಡ.

ಹೆಸರು ಬೇಡ

ಇಷ್ಟೆಲ್ಲ ಯಾಕೆ ಹೆದರಿಸ್ತೀರಿ ಮಾರಾಯ್ರೆ. ನಮ್ಮ ರೂಮಿನಲ್ಲಿ ಎಲ್ಲರ ಫೋನಿನಲ್ಲೂ ವಿಪಿಎನ್ ಇದೆ. ಯಾರೂ ಹಿಡಿದಿಲ್ಲ.

ದುಬೈ ನೆಟ್‌ವರ್ಕ್ ಕೆಲಸದವನು ಮತ್ತೆ

ಹಿಡಿಯುವುದಿಲ್ಲ ಅಂತ ನಾನೂ ಒಪ್ಪುತ್ತೇನೆ, ಬೇರೆ ಯಾವ ಗಲಾಟೆಯೂ ಇಲ್ಲದಿದ್ದರೆ. ನಾಳೆ ಬೇರೆ ಏನೋ ಕೇಸಿನಲ್ಲಿ ಫೋನ್ ಕೈಗೆ ಸಿಕ್ಕಿದರೆ ಅದೂ ಸೇರುತ್ತದೆ. ಮೀಟ್ ಸುಮ್ನೆ ಫ್ರೀಯಾಗಿ ನಡೆಯುವಾಗ ಅದೆಲ್ಲ ಬೇಕಾ?

ಉಡುಪಿ, ಗಲ್ಫ್‌ನಲ್ಲಿದ್ದು ಊರಿಗೆ ಬಂದವರು

ತಂಗಿ, ಕಾಲ್ ವಿಷಯ ಎಲ್ಲರೂ ಹೇಳಿದರು. ಅದು ಬರೀ ಕಿರಿಕಿರಿ, ವಾರದಲ್ಲಿ ರೂಢಿ ಆಗುತ್ತದೆ. ನಾನು ಅಲ್ಲಿ ಎಚ್‌ಆರ್‌ನಲ್ಲಿ ಕೆಲಸ ಮಾಡಿದವನು. ನಮ್ಮವರು ಸಿಕ್ಕಿಬೀಳುವುದನ್ನು ನೋಡಿದ್ದು ಕಾಲ್‌ನಿಂದ ಅಲ್ಲ, ಫಾರ್ವರ್ಡ್‌ನಿಂದ. ಊರಿನಲ್ಲಿ ಯೋಚನೆ ಮಾಡದೆ ಒತ್ತುವ ಆ ಬಾಣದ ಗುರುತು ಇದೆಯಲ್ಲ, ಅದು ಅಲ್ಲಿ ದುಬಾರಿ.

ಮೊದಲನೆಯದು ಜಾತಿ, ಧರ್ಮದ ಪೋಸ್ಟ್. 2020ರ ಏಪ್ರಿಲ್‌ನಲ್ಲಿ, ಕೊರೊನಾ ಶುರುವಾದ ಸಮಯ, ಮುಸ್ಲಿಮರ ಬಗ್ಗೆ ಕೆಟ್ಟದಾಗಿ ಬರೆದ ಕೆಲವು ಭಾರತೀಯರು ಯುಎಇಯಲ್ಲಿ ಕೆಲಸ ಕಳಕೊಂಡರು. ಆಗ ನಮ್ಮ ರಾಯಭಾರಿ ಆಗಿದ್ದ ಪವನ್ ಕಪೂರ್ ಅವರೇ, ತಾರತಮ್ಯ ನಮ್ಮ ಮೌಲ್ಯಕ್ಕೂ ಕಾನೂನಿಗೂ ವಿರುದ್ಧ, ಇಲ್ಲಿರುವ ಭಾರತೀಯರು ಇದನ್ನು ನೆನಪಿಡಬೇಕು ಅಂತ ಟ್ವೀಟ್ ಮಾಡಿದರು. ಹೀಗೆ ಕೆಲಸ ಹೋದರೆ ವೀಸಾನೂ ಹೋದ ಹಾಗೆ. ನಾನು ಹೊಸಬರಿಗೆ ಹೇಳುತ್ತಿದ್ದದ್ದು, ಹಳೇ ಫೇಸ್‌ಬುಕ್ ಪೋಸ್ಟ್‌ಗಳನ್ನೂ ಒಮ್ಮೆ ನೋಡಿ ತೆಗೆದು ಬನ್ನಿ ಅಂತ. ಚುನಾವಣೆ ಬಿಸಿಯಲ್ಲಿ ಏನೇನೋ ಬರೆದಿರುತ್ತೇವೆ, ಅಲ್ವಾ?

ಎರಡನೆಯದು ಚಂದಾ. ಇದು ನಮ್ಮ ಕರಾವಳಿಯವರಿಗೆ ಜಾಸ್ತಿ ಬೇಕಾದ ಮಾತು. ಊರಿನ ದೇವಸ್ಥಾನದ ಬ್ರಹ್ಮಕಲಶೋತ್ಸವ, ಯಾರದೋ ಮಗುವಿನ ಆಪರೇಶನ್, ಕ್ಯೂಆರ್ ಕೋಡ್ ಸಮೇತ ಗುಂಪಿಗೆ ಬರುತ್ತದೆ. ನಾವು ಪುಣ್ಯದ ಕೆಲಸ ಅಂತ ಮುಂದೆ ಕಳಿಸುತ್ತೇವೆ. ಅಲ್ಲಿ ಲೈಸೆನ್ಸ್ ಇಲ್ಲದೆ ಆನ್‌ಲೈನ್‌ನಲ್ಲಿ ಹಣ ಕೇಳುವುದೇ ಅಪರಾಧ. ಮೇಲೆ ಹೇಳಿದ ಸೈಬರ್ ಕಾನೂನಿನ 46ನೇ ಕಲಮು, ದಂಡ 2 ಲಕ್ಷದಿಂದ 5 ಲಕ್ಷ ದಿರ್ಹಂ. ತಾನು ದುಡಿದ ಹಣ ಊರಿಗೆ ಕಳಿಸುವುದು ಬೇರೆ, ಅಲ್ಲಿ ಕೂತು ಹತ್ತು ಜನರ ಹತ್ತಿರ ಕೇಳುವುದು ಬೇರೆ. ಕೊಡಬೇಕು ಅನ್ನಿಸಿದರೆ ಎಮಿರೇಟ್ಸ್ ರೆಡ್ ಕ್ರೆಸೆಂಟ್‌ನಂಥ ಒಪ್ಪಿಗೆ ಇರುವ ಸಂಸ್ಥೆ ಇದೆ.

ಮೂರನೆಯದು ಫೋಟೊ. ರಸ್ತೆಯಲ್ಲಿ ಅಪಘಾತ ಆದರೆ ಊರಿನಲ್ಲಿ ಮೊದಲು ಮೊಬೈಲ್ ತೆಗೆಯುತ್ತೇವೆ. ಅಲ್ಲಿ ಗಾಯಗೊಂಡವರ, ಸತ್ತವರ ಫೋಟೊ ತೆಗೆದು ಹಂಚಿದರೆ 44ನೇ ಕಲಮು: ಕಡಿಮೆ ಎಂದರೆ ಆರು ತಿಂಗಳ ಜೈಲು, ಇಲ್ಲವೇ ಒಂದೂವರೆ ಲಕ್ಷದಿಂದ 5 ಲಕ್ಷದವರೆಗೆ ದಂಡ. ಒಪ್ಪಿಗೆ ಇಲ್ಲದೆ ಬೇರೆಯವರ ಫೋಟೊ ತೆಗೆಯುವುದೂ ಇದರಲ್ಲೇ ಬರುತ್ತದೆ. ರೂಮ್‌ಮೇಟ್ ಮಲಗಿದ್ದಾಗ ತಮಾಷೆಗೆ ತೆಗೆದದ್ದು ಕೂಡ ತಮಾಷೆಯಾಗಿ ಉಳಿಯಬೇಕೆಂದಿಲ್ಲ.

ಬೈಗುಳ. ವಾಟ್ಸಾಪ್‌ನಲ್ಲಿ ಒಬ್ಬರಿಗೇ ಕಳಿಸಿದ ಬೈಗುಳಕ್ಕೂ ಅಲ್ಲಿ ಕೇಸ್ ಹಾಕಬಹುದು. ಸಾಲ ವಾಪಸ್ ಕೊಡದವನಿಗೆ ಕೋಪದಲ್ಲಿ ಬರೆದದ್ದೇ ಸಾಕ್ಷಿ ಆಗಿ, ಸಾಲ ಕೊಟ್ಟವನೇ ಪೊಲೀಸ್ ಸ್ಟೇಶನ್ ಮೆಟ್ಟಿಲು ಹತ್ತಿದ್ದನ್ನು ನೋಡಿದ್ದೇನೆ.

ಇನ್ನು ಸುಳ್ಳು ಸುದ್ದಿ. 52ನೇ ಕಲಮು, ಕಡಿಮೆ ಎಂದರೆ ಒಂದು ವರ್ಷ ಜೈಲು ಮತ್ತು 1 ಲಕ್ಷ ದಿರ್ಹಂ. ಮಳೆ ಬಂದು ದುಬೈ ಮುಳುಗಿತು, ಆ ಬಿಲ್ಡಿಂಗ್ ಬಿತ್ತು ಅಂತ ಹಳೇ ವಿಡಿಯೊ ಹರಿದಾಡುತ್ತಿರುತ್ತದೆ. ನೋಡಿ ಬಿಟ್ಟುಬಿಡಲಿ.

ಪ್ರಶ್ನೆ ಕೇಳಿದವರು

ಅಣ್ಣ, ಇವರು ನಮ್ಮೂರಿನ ಯುವಕ ಮಂಡಲದ ಗುಂಪಿಗೆ ಅಡ್ಮಿನ್! ಅದರಲ್ಲಿ ದಿನಾ ಚಂದಾ, ರಾಜಕೀಯ ಎಲ್ಲ ಇರುತ್ತದೆ.

ಉಡುಪಿಯವರು

ಹೊರಡುವ ಮೊದಲು ಅಡ್ಮಿನ್ ಬೇರೆಯವರಿಗೆ ಕೊಡಲಿ. ಗುಂಪು ಬಿಡಲು ಮನಸ್ಸಿಲ್ಲದಿದ್ದರೆ ಮ್ಯೂಟ್ ಮಾಡಿ ಓದಲಿ, ಏನೂ ಹಾಕದೆ ಇರಲಿ. ಫೋಟೊ ತನ್ನಷ್ಟಕ್ಕೆ ಗ್ಯಾಲರಿಗೆ ಇಳಿಯುವ ಸೆಟ್ಟಿಂಗ್ ಆಫ್ ಮಾಡಲಿ. ಏನೇನು ಬಂದು ಕೂತಿರುತ್ತದೋ ಯಾರಿಗೆ ಗೊತ್ತು. ಮಂಡಲದವರಿಗೆ ಬೇಸರ ಆದರೆ ಆಗಲಿ. ಕೇಸ್ ಆದರೆ ಅವರು ವಕೀಲರ ಫೀಸ್ ಕೊಡುವುದಿಲ್ಲ.

ಶಾರ್ಜಾ, ಎರಡು ಮಕ್ಕಳ ತಾಯಿ

ಮಗಳ ಬಗ್ಗೆ ಬರೆದಿದ್ದೀರಿ, ಅದಕ್ಕೆ ಹೇಳುತ್ತೇನೆ. ಇಲ್ಲಿ ಅಶ್ಲೀಲ ಸೈಟು, ಜೂಜಿನ ಸೈಟು ಎಲ್ಲ ನೆಟ್ ಕಂಪನಿ ಮಟ್ಟದಲ್ಲೇ ತಡೆದಿರುತ್ತಾರೆ. ತೆರೆದರೆ ಇದು ನಿರ್ಬಂಧಿತ ಅಂತ ಒಂದು ಪುಟ ಬರುತ್ತದೆ. ಒಳ್ಳೆಯ ಸೈಟು ತಪ್ಪಿ ಅದರಲ್ಲಿ ಸೇರಿದ್ದರೆ ತೆರೆಯಿರಿ ಅಂತ ಕೇಳುವ ವ್ಯವಸ್ಥೆಯೂ ಇದೆ. ಇದನ್ನು ನೋಡಿ ನಮ್ಮ ಬಿಲ್ಡಿಂಗಿನ ಅಮ್ಮಂದಿರು "ಇಲ್ಲಿ ಮಕ್ಕಳಿಗೆ ಫೋನ್ ಕೊಟ್ಟರೂ ಚಿಂತೆ ಇಲ್ಲ" ಅಂತ ಕೂತಿದ್ದರು.

ಸೈಟನ್ನು ತಡೆಯಬಹುದು, ಮನುಷ್ಯರನ್ನು ತಡೆಯುವುದಿಲ್ಲ. ಆಟದ ಒಳಗಿನ ಚಾಟ್‌ನಲ್ಲಿ ಯಾರೋ ಅಪರಿಚಿತ "ನಿನ್ನ ಶಾಲೆ ಯಾವುದು" ಅಂತ ಕೇಳಿದರೆ ಯಾವ ಫಿಲ್ಟರ್ ಏನು ಮಾಡುತ್ತದೆ? ನಮ್ಮ ಮನೆಯಲ್ಲಿ ಗೂಗಲ್ ಫ್ಯಾಮಿಲಿ ಲಿಂಕ್ ಹಾಕಿದ್ದೇವೆ. ಹೊಸ ಆ್ಯಪ್ ಹಾಕಬೇಕಾದರೆ ನನ್ನ ಫೋನಿಗೆ ಕೇಳುತ್ತದೆ. ಆಟದ ಚಾಟ್ ಆಫ್. ಟ್ಯಾಬ್ ಹಾಲ್‌ನಲ್ಲೇ ಇರಬೇಕು. ಇದನ್ನೆಲ್ಲ ಕುಂದಾಪುರದಲ್ಲೇ ಶುರು ಮಾಡಬಹುದು, ವೀಸಾ ಬರುವವರೆಗೆ ಕಾಯಬೇಕಾಗಿಲ್ಲ.

ಮಂಗಳೂರಿನಿಂದ

ಅಣ್ಣ ದುಬೈಯಲ್ಲಿದ್ದಾನೆ, ನಾನು ಊರಿನಲ್ಲಿ. ಎಲ್ಲರೂ ಆ ಕಡೆಯ ಬಂದ್ ಬಗ್ಗೆ ಹೇಳಿದರು. ಈ ಕಡೆಯೂ ಬಂದ್ ಆಗುತ್ತದೆ! 2019ರ ಡಿಸೆಂಬರ್‌ನಲ್ಲಿ, ಸಿಎಎ ಗಲಾಟೆ ಆದಾಗ, ದಕ್ಷಿಣ ಕನ್ನಡದಲ್ಲಿ ಮೊಬೈಲ್ ಇಂಟರ್ನೆಟ್ ನಿಲ್ಲಿಸಿದ್ದರು. ಅಲ್ಲಿ ಟಿವಿಯಲ್ಲಿ ಗೋಲಿಬಾರ್ ಸುದ್ದಿ ನೋಡಿ ಅಣ್ಣನಿಗೆ ಗಾಬರಿ, ಇಲ್ಲಿ ನಮ್ಮ ವಾಟ್ಸಾಪ್‌ನಲ್ಲಿ ಒಂದೇ ಟಿಕ್. ಕೊನೆಗೆ ಮಾಮೂಲಿ ಐಎಸ್‌ಡಿ ಕಾಲ್ ಮಾಡಿದ. ಹಾಗಾಗಿ ಇವರ ಅಲ್ಲಿನ ಸಿಮ್‌ನಲ್ಲಿ ಐಎಸ್‌ಡಿ ಮಾಡುವಷ್ಟು ಬ್ಯಾಲೆನ್ಸ್ ಯಾವಾಗಲೂ ಇರಲಿ. ನಿಮ್ಮ ನಂಬರ್ ಫೋನಿನಲ್ಲಿ ಮಾತ್ರ ಅಲ್ಲ, ಒಂದು ಚೀಟಿಯಲ್ಲೂ ಇರಲಿ.

ಸುಮ್ನೆ ಆ ದೇಶವನ್ನು ಬೈಯುವವರಿಗೆ ಒಂದು ಮಾತು. ನಮ್ಮಲ್ಲೂ ಐಟಿ ಕಾಯ್ದೆಯ 69ಎ ಕಲಮಿನಲ್ಲಿ ಸೈಟು, ಆ್ಯಪ್ ತಡೆಯುತ್ತಾರೆ. 2020ರ ಜೂನ್‌ನಲ್ಲಿ ಟಿಕ್‌ಟಾಕ್ ಸೇರಿ 59 ಆ್ಯಪ್ ಹೋದದ್ದು ಹಾಗೇ. ಅಲ್ಲಿ ಟಿಕ್‌ಟಾಕ್ ಇದೆ, ವಾಟ್ಸಾಪ್ ಕಾಲ್ ಇಲ್ಲ. ಇಲ್ಲಿ ತಿರುಗಾಮುರುಗಾ.

ಬೆಂಗಳೂರು, ಬ್ಯಾಂಕ್ ಉದ್ಯೋಗಿ

ಇವರ ಭಾರತದ ಸಿಮ್ ಬಗ್ಗೆ ಯಾರೂ ಹೇಳಲಿಲ್ಲ. ಬ್ಯಾಂಕ್, ಆಧಾರ್ ಎಲ್ಲದರ ಒಟಿಪಿ ಅದಕ್ಕೇ ಬರುವುದು. ಹೊರಡುವ ಮೊದಲು ಇಂಟರ್‌ನ್ಯಾಶನಲ್ ರೋಮಿಂಗ್ ಆನ್ ಮಾಡಿಸಿ, ರೀಚಾರ್ಜ್ ನಿಲ್ಲಿಸಬೇಡಿ. ಬಹಳ ದಿನ ಬಿಟ್ಟರೆ ಆ ನಂಬರ್ ಬೇರೆಯವರ ಪಾಲಾಗುತ್ತದೆ. ಎನ್‌ಆರ್‌ಐ ಆದ ಮೇಲೆ ಈಗಿನ ಎಸ್‌ಬಿ ಖಾತೆಯನ್ನು ಎನ್‌ಆರ್‌ಒ (ಎನ್‌ಆರ್‌ಐಗಳ ಊರಿನ ಆದಾಯಕ್ಕೆ ಇರುವ ಖಾತೆ) ಮಾಡಿಸಬೇಕು. ಯುಎಇ ನಂಬರಿನಲ್ಲೇ ಯುಪಿಐ ಬಳಸಲು 2023ರಿಂದ ಅವಕಾಶ ಇದೆ, ಎನ್‌ಆರ್‌ಇ (ಹೊರದೇಶದಲ್ಲಿ ದುಡಿದ ಹಣ ಇಡುವ ಖಾತೆ) ಅಥವಾ ಎನ್‌ಆರ್‌ಒ ಖಾತೆ ಇದ್ದರೆ.

ಮೋಸದವರಿಗೆ ಗಂಡ ಗಲ್ಫ್‌ನಲ್ಲಿ ಇರುವ ಮನೆ ಅಂದರೆ ಇಷ್ಟ. "ನಿಮ್ಮವರು ಏರ್‌ಪೋರ್ಟ್‌ನಲ್ಲಿ ಸಿಕ್ಕಿಬಿದ್ದಿದ್ದಾರೆ, ಈಗಲೇ ಹಣ ಹಾಕಿ" ಅಂತ ಪೊಲೀಸ್ ವೇಷದಲ್ಲಿ ವಿಡಿಯೊ ಕಾಲ್ ಬರಬಹುದು. ಡಿಜಿಟಲ್ ಅರೆಸ್ಟ್, ಅಂದರೆ ವಿಡಿಯೊ ಕಾಲ್‌ನಲ್ಲೇ ಬಂಧಿಸುವುದು, ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲ. ಕಟ್ ಮಾಡಿ, ಇವರ ನಂಬರಿಗೆ ನೀವೇ ಕಾಲ್ ಮಾಡಿ. ಮನೆಯವರಿಗೆ ಮಾತ್ರ ಗೊತ್ತಿರುವ ಒಂದು ಗುಟ್ಟಿನ ಮಾತು ಇಟ್ಟುಕೊಳ್ಳಿ. ಅತ್ತೆಯವರಿಗೂ ಕಲಿಸಿ. ಹಣ ಹೋದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ಹೇಳಿದಷ್ಟು ಆ ಖಾತೆಯಲ್ಲಿ ಹಣ ತಡೆಯುವ ಅವಕಾಶ ಜಾಸ್ತಿ. ಅಲ್ಲಿ ಇವರಿಗೇ ಹಾಗಾದರೆ ದುಬೈ ಪೊಲೀಸರ ಇ-ಕ್ರೈಮ್ ಸೈಟ್ ಇದೆ, 901 ಇದೆ. ಅಬುಧಾಬಿಯಲ್ಲಾದರೆ ಅಮಾನ್ ಸೇವೆ, 8002626.

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಉಪಕಾರ. ಒಂದೇ ಒಂದು ಡೌಟ್. ಇವರ ಕಂಪನಿ ಫೋನ್ ಕೊಡುತ್ತದಂತೆ. ಅದರಲ್ಲೇ ಮೀಟ್ ಹಾಕಿ ನಮ್ಮ ಜೊತೆ ಮಾತಾಡಬಹುದಾ?

ದುಬೈ ನೆಟ್‌ವರ್ಕ್ ಕೆಲಸದವನು

ಬೇಡ. ಕಂಪನಿ ಫೋನಿನಲ್ಲಿ ಏನೇನಿದೆ ಅಂತ ಐಟಿಯವರು ನೋಡಬಹುದು. ಕೆಲಸ ಬಿಡುವ ದಿನ ಅದು ವಾಪಸ್ ಹೋಗುತ್ತದೆ, ಮಗಳ ಫೋಟೊ ಸಮೇತ. ಮನೆ ಮಾತಿಗೆ ಈಗಿರುವ ಸ್ವಂತ ಫೋನನ್ನೇ ತರಲಿ. ಎರಡು ಸಿಮ್ ಹಿಡಿಯುವಂಥದ್ದು ಆದರೆ ಒಂದರಲ್ಲಿ ಊರಿನದು, ಒಂದರಲ್ಲಿ ಇಲ್ಲಿನದು ಹಾಕಿಕೊಳ್ಳಬಹುದು.